ಕಾಲುಂಗುರ ತೊಟ್ಟು ಕಾಲೇಜಿಗೆ

ಸಂಸಾರವನ್ನು ಅರಿವಿಗೆ ಅಡ್ಡಿಯೆಂದು ಭಾವಿಸದ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ಗೃಹಸ್ಥರೇ ಆಗಿದ್ದರು. ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ತಿದ್ದಿದವರು ಅವರ ಪತ್ನಿ ಲಕ್ಕಮ್ಮನವರು. ಮನೆಯ ಹೆಣ್ಣು ತಿಳಿದವಳಾದರೆ ಮನೆ ತಪ್ಪು ಹಾದಿ ಹಿಡಿಯುವುದಿಲ್ಲ ಎಂಬುದಕ್ಕೆ ನಮ್ಮ ಮಾವನವರು ಈ ಪ್ರಸಂಗವನ್ನೇ ಮತ್ತೆ ಮತ್ತೆ ಉದಾಹರಿಸುತ್ತಿದ್ದರು. ಅವರ ಆ ಮಾತಿನ ನೆರಳಿನಲ್ಲಿಯೇ ನಾವು ಮದುವೆಯಾದ ಮೇಲೂ ಓದಿದೆವು. ಆ ದಿನಗಳ ಸಿಹಿಯನ್ನು ಅನೇಕರು ನಮ್ಮ ಬಾಯಿಂದ ಕೇಳಿದ್ದಾರೆ. ಕಹಿಯನ್ನು ನಾವು ಬಹುಕಾಲ ಹೇಳಲಿಲ್ಲ. ಎರಡನ್ನೂ ಕೂಡಿಸಿ ಹೇಳಬೇಕೆಂಬುದು ಈ ಬರಹದ ಉದ್ದೇಶ.

ನಾವು ಎಂದರೆ ಇಬ್ಬರು ಓರಗಿತ್ತಿಯರು. ಒಬ್ಬಳ ತವರು ಅರಕಲಗೂಡು, ಇನ್ನೊಬ್ಬಳ ತವರು ಚನ್ನರಾಯಪಟ್ಟಣ. 1994ರ ಮೇ ತಿಂಗಳಿನಲ್ಲಿ ಒಂದೇ ಮಂಟಪದಲ್ಲಿ ಹೊಳೆನರಸೀಪುರದ ಒಂದೇ ಮನೆಯ ಅಣ್ಣತಮ್ಮಂದಿರ ಕೈ ಹಿಡಿದೆವು. ಇಬ್ಬರಿಗೂ ಆಗ ಹತ್ತೊಂಬತ್ತು ವರ್ಷ. ಪಿ.ಯು.ಸಿ. ಮುಗಿಸಿ ಒಂದು ವರ್ಷ ತವರಿನಲ್ಲಿಯೇ ಇದ್ದವರು. ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದರು. ಮೊಮ್ಮಕ್ಕಳ ಮದುವೆಯನ್ನು ಕಣ್ಣಾರೆ ನೋಡಬೇಕೆಂಬ ಅವರ ಹಂಬಲವೇ ಆ ಆತುರಕ್ಕೆ ಕಾರಣವಾಯಿತು. ಮಾವನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ನಿಶ್ಚಿತಾರ್ಥದ ದಿನ ಅಯ್ಯನವರ ಎದುರಿನಲ್ಲಿ, ಎರಡೂ ಕಡೆಯ ಹಿರಿಯರು ಕೇಳುವಂತೆ, "ಈ ಮಕ್ಕಳನ್ನು ಹಾಸನಕ್ಕೆ ಕಳಿಸಿ ಪದವಿ ಓದಿಸುತ್ತೇನೆ" ಎಂದು ಮಾತು ಕೊಟ್ಟರು. ಜೂನ್ ತಿಂಗಳಿನಲ್ಲಿ ಕೈಯ ಮದರಂಗಿ ಮಾಸುವ ಮುನ್ನವೇ ಇಬ್ಬರನ್ನೂ ಬಿ.ಎ. ತರಗತಿಗೆ ಸೇರಿಸಿ, ಕೊಟ್ಟ ಮಾತನ್ನು ಉಳಿಸಿಕೊಂಡರು.

ನಮ್ಮ ಅತ್ತೆಯವರಿಗೆ ಇಬ್ಬರು ಸೊಸೆಯಂದಿರ ಹೆಸರು ಒಟ್ಟಿಗೆ ನಾಲಗೆಗೆ ಬರುತ್ತಿರಲಿಲ್ಲ. "ಅರಕಲಗೂಡು, ನೀರು ಒಲೆಗಿಡು; ಚನ್ನರಾಯಪಟ್ಟಣ, ಕಾಯಿ ತುರಿ" ಎಂದು ಊರುಗಳನ್ನೇ ಕೂಗುತ್ತಿದ್ದರು. ನೆರೆಮನೆಯವರಿಗೆ ಅದು ನಗುವಾಯಿತು, ಕ್ರಮೇಣ ರೂಢಿಯೂ ಆಯಿತು. ಓದುಗರ ಅನುಕೂಲಕ್ಕಾಗಿ ನಾವೂ ಇಲ್ಲಿ ಅದೇ ಹೆಸರುಗಳನ್ನು ಬಳಸುತ್ತೇವೆ.

ದಿನಚರಿ ಹೀಗಿತ್ತು. ನಾಲ್ಕೂವರೆಗೆ ಏಳುವುದು, ಸ್ನಾನ, ವಿಭೂತಿ ಧಾರಣೆ, ಇಷ್ಟಲಿಂಗ ಪೂಜೆ. ಅನಂತರ ಒಬ್ಬಳು ಅಂಗಳಕ್ಕೆ, ಒಬ್ಬಳು ಒಲೆಗೆ. ಎಂಟು ಗಂಟೆಗೆ ಹಾಸನದ ಬಸ್ಸು. ಹೊಳೆನರಸೀಪುರದಲ್ಲಿ ರೈಲು ನಿಲ್ದಾಣವಿದ್ದರೂ ಕಾಲೇಜಿನ ಹೊತ್ತಿಗೆ ನಮಗೆ ಒದಗುತ್ತಿದ್ದುದು ಬಸ್ಸೇ. ಸುಮಾರು 30 ಕಿಲೋಮೀಟರು ದಾರಿ. ಮುಂಗಾರು ಆರಂಭವಾದರೆ ಇಕ್ಕೆಲಗಳಲ್ಲಿಯೂ ಆಲೂಗಡ್ಡೆಯ ಹೊಲಗಳು ಹಸಿರಾಗುತ್ತಿದ್ದವು. ಆಶ್ವಯುಜದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ದಿನಗಳಲ್ಲಿ ಬಸ್ಸಿನಲ್ಲಿ ಕಾಲೂರಲು ಜಾಗವಿರುತ್ತಿರಲಿಲ್ಲ. ಸಂಜೆ ಆರಕ್ಕೆ ಮನೆ ಸೇರಿದರೆ ಮತ್ತೆ ಒಲೆ, ಮುದ್ದೆ, ಪಾತ್ರೆ. ಎಲ್ಲರ ಊಟ ಮುಗಿದ ಮೇಲೆ ಪುಸ್ತಕ. ವಿದ್ಯುತ್ತು ಹೋದರೆ ಸೀಮೆಎಣ್ಣೆಯ ಬುಡ್ಡಿ.

ಇಷ್ಟರ ನಡುವೆಯೂ ಓದು ಸಾಗಿದ್ದಕ್ಕೆ ಒಂದು ಉಪಾಯವೇ ಕಾರಣ. ಒಬ್ಬಳು ರುಬ್ಬುತ್ತಿದ್ದರೆ ಇನ್ನೊಬ್ಬಳು ಇತಿಹಾಸದ ಟಿಪ್ಪಣಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಮರುದಿನ ಪಾಳಿ ಬದಲು. ಒಳಕಲ್ಲಿನ ಬಳಿ ಕೇಳಿದ ಹೊಯ್ಸಳರ ವಂಶಾವಳಿ ಇಂದಿಗೂ ನಮಗೆ ಮರೆತಿಲ್ಲ. ಅತ್ತೆಯವರೂ ಕೇಳುತ್ತಿದ್ದರು. ಒಂದು ಸಂಜೆ ನಾವು ವಿಷ್ಣುವರ್ಧನನ ಹಿಂದಿನ ದೊರೆಯ ಹೆಸರಿನಲ್ಲಿ ತಡವರಿಸಿದಾಗ, ಸೊಪ್ಪು ಬಿಡಿಸುತ್ತಿದ್ದ ಅವರು ತಲೆಯೆತ್ತದೆ "ಬಲ್ಲಾಳ, ಅವನ ಅಣ್ಣ" ಎಂದರು. ಮೂರನೆಯ ತರಗತಿಗೆ ಶಾಲೆ ಬಿಟ್ಟವರು ಅವರು.

ಇನ್ನು ನಮ್ಮ ರೂಪದ ವಿಚಾರ. ನಾವಿಬ್ಬರೂ ಕುಳ್ಳು, ಸಣಕಲು, ಮುಖ ಇನ್ನೂ ಮಕ್ಕಳದು. ಸೊಸೆಯಂದಿರು ಸೀರೆಯನ್ನೇ ಉಡಬೇಕೆಂಬುದು ಮನೆಯ ಪದ್ಧತಿ. ಕಾಲೇಜಿನ ಇತರ ಹುಡುಗಿಯರು ಚೂಡಿದಾರ ತೊಟ್ಟು ಬರುತ್ತಿದ್ದರೆ, ನಾವು ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಸೀರೆ ಉಡಿಸಿದ ಮಕ್ಕಳಂತೆ ಕಾಣುತ್ತಿದ್ದೆವು. ಬಸ್ಸಿನ ನಿರ್ವಾಹಕರೊಬ್ಬರು ಮೊದಲ ದಿನವೇ "ಜೊತೆಗೆ ದೊಡ್ಡವರು ಯಾರೂ ಇಲ್ಲವೇ?" ಎಂದು ವಿಚಾರಿಸಿದರು. ನ್ಯಾಯಬೆಲೆ ಅಂಗಡಿಗೆ ಚೀಟಿ ಹಿಡಿದು ಹೋದರೆ "ಮನೆಯ ಹೆಂಗಸರನ್ನು ಕಳಿಸಿ" ಎಂಬ ಉತ್ತರ. "ನಾವೇ ಮನೆಯ ಹೆಂಗಸರು" ಎಂದರೆ ಸರತಿಯಲ್ಲಿ ನಿಂತವರೆಲ್ಲ ನಕ್ಕರು.

ಚನ್ನರಾಯಪಟ್ಟಣದಲ್ಲಿ ಬಂಧುಗಳ ಮದುವೆಯೊಂದಕ್ಕೆ ಹೋಗಿದ್ದಾಗ ಹಿರಿಯ ಮಹನೀಯರೊಬ್ಬರು ನಮ್ಮನ್ನು ಬಹಳ ಹೊತ್ತು ನೋಡಿ, ಅತ್ತೆಯವರ ಪಕ್ಕದಲ್ಲಿ ಬಂದು ಕುಳಿತರು. "ಇಬ್ಬರು ಹೆಣ್ಣುಮಕ್ಕಳನ್ನೂ ಚೆನ್ನಾಗಿ ಬೆಳೆಸಿದ್ದೀರಿ. ಕೊಡುವ ಯೋಚನೆ ಇದೆಯೇ? ಒಳ್ಳೆಯ ವರ ಇದ್ದಾನೆ" ಎಂದು ಮೆಲ್ಲಗೆ ಕೇಳಿದರು. ಅತ್ತೆಯವರು ಎಲೆಯಡಿಕೆ ಮಡಿಸುತ್ತಲೇ, "ಕೊಟ್ಟಾಯಿತು ಸ್ವಾಮಿ, ನಮ್ಮ ಮನೆಗೇ" ಎಂದರು. ಆ ಮಹನೀಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಒಂದು ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರೊಬ್ಬರು ಅರಕಲಗೂಡಿನವಳ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಕಂಡು, ಅದರೊಳಗೆ ಚೀಟಿ ಇರಬಹುದೆಂದು ಶಂಕಿಸಿ, ತೆರೆದು ತೋರಿಸಲು ಹೇಳಿದರು. ಅವಳು ಎದ್ದು ನಿಂತು, "ಇದರಲ್ಲಿರುವುದು ಇಷ್ಟಲಿಂಗ. ಕೈ ತೊಳೆಯಲು ನೀರು ಕೊಡಿಸಿದರೆ ತೆರೆಯುತ್ತೇನೆ" ಎಂದಳು. ಅಷ್ಟರಲ್ಲಿ ಹಿರಿಯ ಅಧ್ಯಾಪಕರೊಬ್ಬರು ಬಂದು ವಿಷಯ ತಿಳಿಸಿದರು. ಮೇಲ್ವಿಚಾರಕರು ಸಂಕೋಚಪಟ್ಟು, ಹೋದ ಐದು ನಿಮಿಷವನ್ನು ಕೊನೆಯಲ್ಲಿ ಕೂಡಿಸಿಕೊಟ್ಟರು. ಅವರ ಮೇಲೆ ನಮಗೆ ಬೇಸರವಿಲ್ಲ. ಅರಿಯದವರಿಗೆ ಅರಿಯುವಂತೆ ಹೇಳುವುದೂ ನಮ್ಮ ಕರ್ತವ್ಯವಲ್ಲವೇ?

ಇಂತಹ ಪ್ರಸಂಗಗಳನ್ನು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದೆವು. ನಮ್ಮ ಕಥೆ ಬೀದಿಗೆಲ್ಲ ಪರಿಚಿತವಾಯಿತು. "ಆ ಮನೆಯ ಸೊಸೆಯಂದಿರನ್ನು ನೋಡಿ, ಸಂಸಾರವನ್ನೂ ತೂಗಿಸುತ್ತಾರೆ, ಕಾಲೇಜಿಗೂ ಹೋಗುತ್ತಾರೆ" ಎಂಬ ಪ್ರಶಂಸೆ ಕಿವಿಗೆ ಬಿದ್ದಾಗ ನಾವು ಹಿಗ್ಗಿದ್ದುಂಟು. ಆ ಪ್ರಶಂಸೆಗೆ ಒಬ್ಬಳು ಬಾಲೆ ಬೆಲೆ ತೆರಬೇಕಾದೀತೆಂದು ನಮಗೆ ಹೊಳೆದಿರಲಿಲ್ಲ.

ನಮ್ಮ ಮನೆಗೆ ಹಾಲು ತರುತ್ತಿದ್ದ ಕುಟುಂಬದ ಹೆಣ್ಣುಮಗಳು ಅವಳು. ಹೆಸರು ಬೇಡ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಿದ್ದಳು. ವಯಸ್ಸು ಹದಿನಾರು. ನಮ್ಮಿಬ್ಬರಿಗಿಂತ ಒಂದು ಗೇಣು ಎತ್ತರ, ತುಂಬಿದ ಮೈಕಟ್ಟು. ಸಂಜೆ ಗಣಿತ ಹೇಳಿಸಿಕೊಳ್ಳಲು ನಮ್ಮ ಜಗಲಿಗೆ ಬಂದು ಕೂರುತ್ತಿದ್ದಳು. ಮೂವರೂ ಒಟ್ಟಿಗೆ ನಿಂತರೆ ಅವಳೇ ಅಕ್ಕನಂತೆ ಕಾಣುತ್ತಿದ್ದಳು. 1996ರ ಬೇಸಗೆಯಲ್ಲಿ ಅವಳಿಗೆ ಸಂಬಂಧ ಕೂಡಿಬಂತು. ಓದು ಅರ್ಧಕ್ಕೆ ನಿಂತೀತೆಂದು ಯಾರೋ ಆಕ್ಷೇಪಿಸಿದಾಗ ಅವಳ ತಂದೆ, "ಮೇಷ್ಟರ ಮನೆಯ ಸೊಸೆಯಂದಿರು ಓದುತ್ತಿಲ್ಲವೇ? ಮದುವೆಯಾದ ಮೇಲೂ ಓದಬಹುದು" ಎಂದರಂತೆ. ಈ ಮಾತು ನಮ್ಮ ಕಿವಿಗೂ ಬಿತ್ತು.

ನಾವು ಆಗಲೇ ಮಾತಾಡಬೇಕಾಗಿತ್ತು. ಆದರೆ ಎರಡು ವರ್ಷದ ಸೊಸೆಯಂದಿರು ಪರರ ಮನೆಯ ಶುಭಕಾರ್ಯಕ್ಕೆ ಅಡ್ಡ ಬಂದರು ಎಂಬ ಅಪವಾದಕ್ಕೆ ಹೆದರಿದೆವು. ಇಂದು ಹೇಳೋಣ, ನಾಳೆ ಹೇಳೋಣ ಎಂದು ಹತ್ತು ದಿನ ಕಳೆದೆವು. ಕೊನೆಗೆ ಅತ್ತೆಯವರಿಗೆ ತಿಳಿಸಿದಾಗ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಕ್ಷಣವೇ ಹೊರಟರು. ಆದರೆ ಮನೆಗೆ ಬೀಗ ಹಾಕಿತ್ತು. ಹಿಂದಿನ ದಿನವೇ ವರನ ಊರಿಗೆ ಹೋಗಿ ಧಾರೆಯನ್ನೂ ಮುಗಿಸಿದ್ದರು.

1997ರಲ್ಲಿ ನಾವು ಅಂತಿಮ ವರ್ಷದ ಪರೀಕ್ಷೆಗೆ ಕುಳಿತಾಗ ಚನ್ನರಾಯಪಟ್ಟಣದವಳು ಗರ್ಭಿಣಿ. ಆರು ತಿಂಗಳು ತುಂಬಿತ್ತು. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡಿತ್ತು. ಅತ್ತೆಯವರು ಅವಳನ್ನು ಪರೀಕ್ಷೆ ಮಾಡಿಸಲು ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಅಲ್ಲಿನ ದಾದಿಯೊಬ್ಬರು ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ವಯಸ್ಸು ಇಪ್ಪತ್ತೆರಡು ಎಂದರೆ ನಂಬಲಿಲ್ಲ. "ಈ ಕೂಸಿಗೆ ಹದಿನೈದೋ ಹದಿನಾರೋ ಇರಬೇಕು. ನೀವೂ ಒಬ್ಬ ಹೆಂಗಸೇ? ಮಗುವಿನ ಹೊಟ್ಟೆಯಲ್ಲಿ ಮಗು ಹೊರಿಸಿದ್ದೀರಲ್ಲ!" ಎಂದು ಎಲ್ಲರೆದುರು ಅತ್ತೆಯವರನ್ನು ಗದರಿದರು. ಕಾಲೇಜಿನ ಗುರುತಿನ ಚೀಟಿಯನ್ನು ತೋರಿಸಿದ ಮೇಲೆ ಸುಮ್ಮನಾದರು.

ಅದೇ ಸರತಿಯಲ್ಲಿ, ನಾಲ್ಕು ಜನರ ಹಿಂದೆ, ಹಾಲಿನ ಮನೆಯ ಆ ಹುಡುಗಿ ಕುಳಿತಿದ್ದಳು. ಹದಿನೇಳು ವರ್ಷ, ಎಂಟು ತಿಂಗಳ ಬಸುರಿ. ಜೊತೆಯಲ್ಲಿದ್ದವರು "ಇಪ್ಪತ್ತು" ಎಂದು ಬರೆಸಿದರು. ಯಾರೂ ಮರುಪ್ರಶ್ನೆ ಮಾಡಲಿಲ್ಲ. ಇಪ್ಪತ್ತೆರಡರ ನಮ್ಮನ್ನು ನಂಬದಿದ್ದ ಕಣ್ಣುಗಳು ಹದಿನೇಳರ ಅವಳನ್ನು ಎತ್ತರ ನೋಡಿ ನಂಬಿದವು. ಮುಖ ನೋಡಿ ಮಣೆ ಹಾಕುವ ನಮ್ಮ ಲೋಕರೂಢಿ ಎಷ್ಟು ಕುರುಡು ಎಂಬುದು ಅಂದು ನಮಗೆ ಮನದಟ್ಟಾಯಿತು.

ಅವಳು ನಮ್ಮನ್ನು ಕಂಡು ನಕ್ಕಳು. ಹತ್ತಿರ ಬಂದು ಕೈ ಹಿಡಿದು, "ಅಕ್ಕಾ, ನಿಮ್ಮಂತೆಯೇ ನನ್ನನ್ನೂ ಓದಿಸುತ್ತಾರೆ ಎಂದುಕೊಂಡಿದ್ದೆ" ಎಂದಳು. ದೂರುವ ದನಿಯಲ್ಲ. ಇದ್ದ ವಿಷಯವನ್ನು ಹೇಳಿದಂತೆ ಹೇಳಿದಳು. ನಮಗೆ ಉತ್ತರ ತೋಚಲಿಲ್ಲ.

ಅಂದು ಮನೆಗೆ ಬಂದು ಅತ್ತೆಯವರು ಊಟ ಮಾಡಲಿಲ್ಲ. ದಾದಿಯ ಮಾತಿನಿಂದ ನೊಂದಿರಬಹುದೆಂದು ನಾವು ಸಮಾಧಾನ ಹೇಳಲು ಹೋದೆವು. ಅವರು ತಡೆದರು. "ಆಕೆ ಬೈದದ್ದು ಸರಿಯಾಗಿಯೇ ಇತ್ತು. ಬೈಸಿಕೊಳ್ಳಬೇಕಾದವರು ಬೇರೆ. ನನ್ನನ್ನು ಹದಿನಾಲ್ಕಕ್ಕೆ ಕೊಟ್ಟರು. ಹದಿನೈದಕ್ಕೆ ಹೆತ್ತೆ. ಆ ಮಗು ಒಂಬತ್ತು ದಿನ ಬದುಕಿತ್ತು. ಅಂದು ಹೀಗೆ ಗದರುವವರು ಒಬ್ಬರು ಇದ್ದಿದ್ದರೆ!" ಎಂದರು. ಮೂರು ವರ್ಷ ಜೊತೆಯಲ್ಲಿದ್ದರೂ ಆ ಮಗುವಿನ ಸುದ್ದಿಯನ್ನು ನಾವು ಕೇಳಿರಲಿಲ್ಲ. ಸೊಸೆಯಂದಿರ ಕಾಲೇಜಿಗೆ ಅವರು ಒಂದು ದಿನವೂ ಅಡ್ಡಿ ಬಾರದೆ ಇದ್ದುದರ ಮೂಲ ಎಲ್ಲಿದೆ ಎಂಬುದು ಆ ರಾತ್ರಿ ತಿಳಿಯಿತು.

ಮುಂದೆ ಗ್ರಂಥಾಲಯದಲ್ಲಿ ಆನಂದಿಬಾಯಿ ಜೋಶಿಯವರ ಜೀವನ ಚರಿತ್ರೆಯನ್ನು ಓದುವಾಗ ಅತ್ತೆಯವರೇ ಕಣ್ಮುಂದೆ ಬಂದರು. 1865ರಲ್ಲಿ ಜನಿಸಿದ ಆಕೆಗೆ ಒಂಬತ್ತನೆಯ ವಯಸ್ಸಿಗೆ ಮದುವೆ. ಹದಿನಾಲ್ಕಕ್ಕೆ ಹೆತ್ತ ಕೂಸು ಹತ್ತು ದಿನಗಳಲ್ಲಿ ತೀರಿಕೊಂಡಿತು. ಆ ದುಃಖವೇ ಆಕೆಯನ್ನು ವೈದ್ಯ ವಿದ್ಯೆಯತ್ತ ತಿರುಗಿಸಿತು. ಅಮೆರಿಕಕ್ಕೆ ಹೋಗಿ 1886ರಲ್ಲಿ ವೈದ್ಯ ಪದವಿ ಪಡೆದರು; ಮರುವರ್ಷವೇ, ಇಪ್ಪತ್ತೆರಡು ತುಂಬುವ ಮುನ್ನ, ಕ್ಷಯದಿಂದ ತೀರಿಕೊಂಡರು. ಮದುವೆಯಾದ ಮೇಲೆ ಓದಿದವರ ಸಾಲಿನಲ್ಲಿ ಆಕೆಯ ಹೆಸರನ್ನು ಹೆಮ್ಮೆಯಿಂದ ಹೇಳುವವರು ಆ ಹತ್ತು ದಿನದ ಕೂಸನ್ನು ಮರೆಯುತ್ತಾರೆ. ನಮ್ಮ ಸಮಾಜದ ಜಯದೇವಿತಾಯಿ ಲಿಗಾಡೆಯವರೂ ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾದವರು. ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಕಲಿತು, ಕನ್ನಡವನ್ನು ಆಮೇಲೆ ಒಲಿಸಿಕೊಂಡು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದ ಮೊದಲ ಮಹಿಳೆಯಾದರು. ಅವರನ್ನು ನೆನೆದು ಕೈ ಮುಗಿಯೋಣ. ಆದರೆ ಸಾವಿರದಲ್ಲಿ ಒಬ್ಬರು ಹೊಳೆ ಈಜಿ ದಾಟಿದರೆಂದು ಉಳಿದ ಮಕ್ಕಳನ್ನೆಲ್ಲ ಹೇಮಾವತಿಗೆ ನೂಕಲಾಗದು.

ನಾವು ದಾಟಿದ್ದು ಹೇಗೆಂಬುದನ್ನೂ ಮುಚ್ಚಿಡಬಾರದು. ಮೊದಲನೆಯದಾಗಿ, ಮದುವೆಯ ದಿನ ನಮಗೆ ಹತ್ತೊಂಬತ್ತು ತುಂಬಿತ್ತು, ಪಿ.ಯು.ಸಿ. ಕೈಯಲ್ಲಿತ್ತು. ಎರಡನೆಯದಾಗಿ, ಮಾವನವರು ಹತ್ತು ಜನರೆದುರು ಕೊಟ್ಟ ಮಾತಿತ್ತು. ಮೂರನೆಯದಾಗಿ, ನಾವು ಇಬ್ಬರಿದ್ದೆವು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಎರಡೂ ಪಾಳಿ ಮಾಡುತ್ತಿದ್ದಳು. ಹಾಲಿನ ಮನೆಯ ಹುಡುಗಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಇಷ್ಟೆಲ್ಲ ಇದ್ದೂ ಚನ್ನರಾಯಪಟ್ಟಣದವಳು ಅರ್ಥಶಾಸ್ತ್ರದ ಒಂದು ಪತ್ರಿಕೆಯಲ್ಲಿ ಅನುತ್ತೀರ್ಣಳಾದಳು. ಉತ್ತರ ಬರೆಯುತ್ತಿದ್ದಾಗ ಕಣ್ಣು ಕತ್ತಲಿಟ್ಟು, ಮೇಜಿನ ಮೇಲೆ ತಲೆಯಿಟ್ಟವಳು ಗಂಟೆ ಬಾರಿಸಿದಾಗಲೇ ಎದ್ದದ್ದು. ನಮ್ಮನ್ನು ಹೊಗಳುತ್ತಿದ್ದ ಬೀದಿಗೆ ಈ ಸಂಗತಿ ಗೊತ್ತಿರಲಿಲ್ಲ.

ಜುಲೈ ತಿಂಗಳಿನಲ್ಲಿ ಹೆಣ್ಣು ಮಗು ಹುಟ್ಟಿತು. ಉಳಿದ ಪತ್ರಿಕೆಗೆ ವರ್ಷದ ಕೊನೆಯ ಪೂರಕ ಪರೀಕ್ಷೆಯಲ್ಲಿ ಕುಳಿತಳು. ಅಂದು ಅತ್ತೆಯವರು ಮಗುವಿನೊಡನೆ ಹಾಸನಕ್ಕೆ ಬಂದು, ಪರೀಕ್ಷಾ ಕೇಂದ್ರದ ಹೊರಗಿನ ಮರದ ಕೆಳಗೆ ಮೂರು ಗಂಟೆ ಕುಳಿತಿದ್ದರು. ಅರಕಲಗೂಡಿನವಳು ಬಾಟಲಿಯ ಹಾಲು ಕುಡಿಸುತ್ತಿದ್ದಳು. ದಾರಿಹೋಕರೊಬ್ಬರು ಅವಳನ್ನು, "ಏನಮ್ಮಾ, ತಂಗಿಯೇ?" ಎಂದು ಕೇಳಿದರು. ಅತ್ತೆಯವರು, "ಹೌದು, ಮೂವರೂ ನನ್ನ ಮಕ್ಕಳೇ. ಒಬ್ಬಳು ಒಳಗೆ ಬರೆಯುತ್ತಿದ್ದಾಳೆ" ಎಂದರು. ಆ ಪತ್ರಿಕೆಯಲ್ಲಿ ಚನ್ನರಾಯಪಟ್ಟಣದವಳು ಉತ್ತೀರ್ಣಳಾದಳು. ಮೈಸೂರು ವಿಶ್ವವಿದ್ಯಾನಿಲಯದ ಎರಡು ಪದವಿ ಪತ್ರಗಳು ಇಂದಿಗೂ ನಮ್ಮ ಪಡಸಾಲೆಯ ಗೋಡೆಯ ಮೇಲಿವೆ.

ಅಂದಿನಿಂದ ನಾವೊಂದು ನೇಮ ಇಟ್ಟುಕೊಂಡೆವು. ಯಾರಾದರೂ ನಮ್ಮನ್ನು ಹೊಗಳಿದರೆ ಕಥೆಯನ್ನು ಪೂರ್ತಿಯಾಗಿ ಹೇಳಿಯೇ ಕಳಿಸುವುದು. ಅತ್ತೆಯವರೂ ತಮ್ಮ ಒಂಬತ್ತು ದಿನದ ಮಗುವಿನ ಕಥೆಯನ್ನು ಹೇಳತೊಡಗಿದರು. ಅರಕಲಗೂಡಿನಲ್ಲಿ ನೆಂಟರ ಮನೆಯೊಂದರಲ್ಲಿ ಅವರ ಮಾತಿನಿಂದಲೇ ಒಂದು ನಿಶ್ಚಯ ಎರಡು ವರ್ಷ ಮುಂದಕ್ಕೆ ಹೋಯಿತು. ಕೇಳದೆ ಹೋದವರೂ ಇದ್ದಾರೆ, ಮುನಿಸಿಕೊಂಡವರೂ ಇದ್ದಾರೆ.

ಕಾನೂನಿನ ಮಾತನ್ನೂ ಎರಡು ಸಾಲಿನಲ್ಲಿ ಹೇಳುವುದು ಉಚಿತ. 1929ರ ಶಾರದಾ ಕಾಯ್ದೆ ಹೆಣ್ಣಿಗೆ ಹದಿನಾಲ್ಕು ವರ್ಷವನ್ನು ಗೊತ್ತುಮಾಡಿತ್ತು. 1949ರಲ್ಲಿ ಅದು ಹದಿನೈದಾಯಿತು. 1978ರ ತಿದ್ದುಪಡಿಯಿಂದ ಹೆಣ್ಣಿಗೆ 18, ಗಂಡಿಗೆ 21 ಎಂದಾಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂದಿತು. ನಮ್ಮ ರಾಜ್ಯದ 2016ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಿ ತಿಳಿಸಬಹುದು. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರೆಂದು ಕಂಡುಬಂದಿತು. ಐವರಲ್ಲಿ ಒಬ್ಬಳು. ನಮ್ಮ ನಮ್ಮ ಬೀದಿಗಳಲ್ಲಿ ಎಣಿಸಿ ನೋಡಿದರೆ ಅವಳ ಮುಖ ನಮಗೆ ಗುರುತು ಸಿಕ್ಕೀತು.

ಮದುವೆಯಾದ ಹೆಣ್ಣುಮಕ್ಕಳು ಓದಬಾರದೆಂದು ನಾವು ಹೇಳುತ್ತಿಲ್ಲ, ಅವಶ್ಯವಾಗಿ ಓದಬೇಕು. ಸೊಸೆ ಕಾಲೇಜಿಗೆ ಹೋಗುವ ಮನೆಯಲ್ಲಿ ಬೆಳಗಿನ ಒಲೆಯ ಬಳಿ ಇನ್ನೊಂದು ಜೊತೆ ಕೈ ಇರಬೇಕು, ಅದು ಅತ್ತೆಯದಾದರೂ ಸರಿ, ಗಂಡನದಾದರೂ ಸರಿ. ಆದರೆ "ಮದುವೆಯಾದ ಮೇಲೆ ಓದಿಸುತ್ತೇವೆ" ಎಂಬ ಮಾತನ್ನು ನಂಬಿ ಹದಿನೆಂಟು ತುಂಬದ ಕೂಸನ್ನು ಧಾರೆ ಎರೆಯಬೇಡಿ. ಎತ್ತರ ನೋಡಿ ವಯಸ್ಸನ್ನು ಲೆಕ್ಕ ಹಾಕಬೇಡಿ. ಶಾಲೆಯ ದಾಖಲೆ ನೋಡಿ.

1997ರಲ್ಲಿ ಹುಟ್ಟಿದ ನಮ್ಮ ಮಗಳಿಗೆ ಅವಳ ಓದು ಮುಗಿದು, ಉದ್ಯೋಗ ಸಿಕ್ಕಿ, ಇಪ್ಪತ್ತಾರನೆಯ ವರ್ಷದಲ್ಲಿ ಮದುವೆಯಾಯಿತು. ಅವಳ ಮುಖವೂ ನಮ್ಮಂತೆಯೇ ಚಿಕ್ಕದು. ಧಾರೆಯ ದಿನ ಹಾಲಿನ ಮನೆಯ ಆ ಹೆಣ್ಣುಮಗಳು ಬಂದಿದ್ದಳು. ಜೊತೆಯಲ್ಲಿ ಅವಳ ಮಗಳು. ಹಾಸನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವಳು, ಇನ್ನೂ ಮದುವೆಯಿಲ್ಲ. ಯಾರೋ ಆ ಮಗಳಿಗೆ ವರ ಹೇಳಲು ಬಂದಾಗ ತಾಯಿ, "ಅವಳನ್ನೇ ಕೇಳಿ" ಎಂದಳು. ನಮ್ಮ ಕಡೆ ತಿರುಗಿ ನಕ್ಕಳು. ಆಸ್ಪತ್ರೆಯ ಸರತಿಯಲ್ಲಿ ನಕ್ಕ ಅದೇ ನಗೆ. ಅಂದು ಕೊಡಲಾಗದ ಉತ್ತರವನ್ನು ಇಂದೂ ನಾವು ಕೊಟ್ಟಿಲ್ಲ. ಅವಳೇ ಕೊಟ್ಟುಕೊಂಡಳು.